ಕಾಲೇಜು ಐಸ್ ಹಾಕಿಯೋ, ಎನ್‌ಎಚ್‌ಎಲ್ಲೋ?

ಬಾಸ್ಟನ್‌ಗೆ ಹೊಸದಾಗಿ ಬಂದಿದ್ದೀರಿ, ಕಾಲೇಜು ತಂಡಗಳ ಐಸ್ ಹಾಕಿ ನೋಡಲೋ, ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ನೋಡಲೋ ಅಂತ ಕೇಳಿದ್ದೀರಿ. ದುಡ್ಡಿನ ಲೆಕ್ಕ ಸುಲಭ: ಕಾಲೇಜು ಟಿಕೆಟ್ ಸಾಮಾನ್ಯವಾಗಿ ಅಗ್ಗ, ಎನ್‌ಎಚ್‌ಎಲ್‌ನಲ್ಲಿ ಆಡುವ ಬಾಸ್ಟನ್ ತಂಡ ಬ್ರೂಯಿನ್ಸ್‌ನ ಟಿಕೆಟ್ ದುಬಾರಿ.

ಆಟದ ಮಟ್ಟದಲ್ಲಿ ಎನ್‌ಎಚ್‌ಎಲ್‌ಗೆ ಸಾಟಿಯಿಲ್ಲ. ಪಾಸು ಚುರುಕು, ತಪ್ಪು ಕಡಿಮೆ. ಕಾಲೇಜಿನಲ್ಲಿ ತಪ್ಪು ಜಾಸ್ತಿ, ಹಾಗಾಗಿ ಪಂದ್ಯ ಯಾವಾಗ ತಿರುಗುತ್ತದೋ ಗೊತ್ತಾಗಲ್ಲ. ನನಗಂತೂ ಅದೇ ಮಜಾ. ಮೇಲಾಗಿ ನಾಳಿನ ತಾರೆಗಳು ಅಲ್ಲೇ ಸಿಗುತ್ತಾರೆ. ಎನ್‌ಎಚ್‌ಎಲ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2024ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಮ್ಯಾಕ್ಲಿನ್ ಸೆಲೆಬ್ರಿನಿ ಅದಕ್ಕೆ ಮುಂಚೆ ಆಡಿದ್ದು ಬಾಸ್ಟನ್ ಯೂನಿವರ್ಸಿಟಿಗೆ.

ಗುದ್ದಾಡಿದರೆ ಎನ್‌ಎಚ್‌ಎಲ್‌ನಲ್ಲಿ ಸಾಮಾನ್ಯವಾಗಿ 5 ನಿಮಿಷ ಹೊರಗೆ ಕೂತರಾಯಿತು. ಕಾಲೇಜಿನಲ್ಲಿ ಪಂದ್ಯದಿಂದಲೇ ಔಟ್. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಕಾಲೇಜೇ ವಾಸಿ.

ಎನ್‌ಎಚ್‌ಎಲ್ ಪ್ಲೇಆಫ್‌ನಲ್ಲಿ ಒಂದೇ ಎದುರಾಳಿ ಜೊತೆ 7 ಪಂದ್ಯಗಳವರೆಗೆ ಸೆಣಸಾಟ. ತಂಡದ ತಂತ್ರ ಬದಲಾಗುವುದನ್ನು ನಿಧಾನವಾಗಿ ಸವಿಯುವವರಿಗೆ ಅದು. ಕಾಲೇಜಿನ ರಾಷ್ಟ್ರೀಯ ಟೂರ್ನಿಯಲ್ಲಿ 16 ತಂಡ, ಒಮ್ಮೆ ಸೋತರೆ ಸೀದಾ ಮನೆಗೆ.

ವಿದ್ಯಾರ್ಥಿಗಳ ಬ್ಯಾಂಡು, ಗಲಾಟೆ ಬೇಕಾ? ಫೆಬ್ರವರಿಯ ಬೀನ್‌ಪಾಟ್‌ಗೆ ಹೋಗಿ. ಬಾಸ್ಟನ್ ಸುತ್ತಲಿನ 4 ಕಾಲೇಜುಗಳ ಕಾದಾಟ ಅದು, ನಡೆಯುವುದು ಬ್ರೂಯಿನ್ಸ್ ಆಡುವ ಟಿಡಿ ಗಾರ್ಡನ್‌ನಲ್ಲೇ.