ನಯಾಗರ: ಊರಿಂದ ಅಮ್ಮ ಬಂದಿದ್ದರೆ ಈಚೆ ದಡವೇ ಸಾಕು

ಅಮೆರಿಕ-ಕೆನಡಾ ಗಡಿಯಲ್ಲಿರುವ ನಯಾಗರ ಜಲಪಾತವನ್ನು ಕೆನಡಾ ಕಡೆಯಿಂದಲೇ ನೋಡಿ ಅಂತ ಕೇಳಿದವರೆಲ್ಲ ಹೇಳಿದ್ದರು. ಸುಳ್ಳೇನಲ್ಲ. ಆದರೂ ಎರಡೂ ದಡ ಸುತ್ತಿ ಬಂದ ಮೇಲೆ ನನ್ನ ವೋಟು ಅಮೆರಿಕದ ಕಡೆಗೇ.

ಮೊದಲ ಸಲ ಹೊರಟಿದ್ದು ಶಿವಮೊಗ್ಗದ ಸಾಗರದಿಂದ ಅಮ್ಮ ಬಂದಿದ್ದಾಗ. ನ್ಯೂಜೆರ್ಸಿಯ ನಮ್ಮ ಮನೆಯಿಂದ ಹೆಚ್ಚುಕಮ್ಮಿ ಏಳು ಗಂಟೆ ಡ್ರೈವ್. ಕಿಟಕಿಯಿಂದಲೇ ನೀರು ಕಾಣಲಿ ಅಂತ ಕೆನಡಾ ದಡದ ಹೋಟೆಲೊಂದರಲ್ಲಿ ರೂಮು ಹಿಡಿದೆ. ನಲವತ್ತು ಡಾಲರ್ ಉಳಿಯುತ್ತೆ ಅಂತ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ ಅನ್ನುವ ರೇಟೇ ಒತ್ತಿದೆ.

ನನಗೂ ನನ್ನ ಹೆಂಡತಿಗೂ ಗ್ರೀನ್ ಕಾರ್ಡ್ ಇದೆ. ಪಾಸ್‌ಪೋರ್ಟ್ ಜೊತೆ ಅದನ್ನು ತೋರಿಸಿದರೆ ಕೆನಡಾ ವೀಸಾ ಬೇಡ. ಅದೇ ಗುಂಗಿನಲ್ಲಿ ಅಮ್ಮನ ವಿಷಯ ಮರೆತೇಬಿಟ್ಟೆ. ಅವಳ ಹತ್ತು ವರ್ಷದ ಅಮೆರಿಕ ವೀಸಾ, ಕೆನಡಾಕ್ಕೆ ಹೋಗುವ ರೇನ್‌ಬೋ ಬ್ರಿಜ್ ದಾಟಲು ಯಾವ ಉಪಯೋಗಕ್ಕೂ ಬಾರದು. ಭಾರತದ ಪಾಸ್‌ಪೋರ್ಟಿಗೆ ಕೆನಡಾದ್ದೇ ವೀಸಾ ಆಗಬೇಕು: 100 ಕೆನಡಾ ಡಾಲರ್, ಬೆರಳಚ್ಚಿಗೆ ಮತ್ತೆ 85.

ಬೆರಳಚ್ಚಿನದು ಇನ್ನೊಂದು ಫಜೀತಿ. ಅಡಿಕೆ ಸುಲಿದೂ ಸುಲಿದೂ ಅಮ್ಮನ ಬೆರಳ ಗೆರೆಯೆಲ್ಲ ಸವೆದಿವೆ. ಬೆರಳಚ್ಚು ಕೊಡಲು ಹೋದ ಕಡೆ ಇದ್ದ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿ, ಐದನೇ ಸಲಕ್ಕೆ ಮೆಷಿನ್ ಒಪ್ಪಿತು. "ರೇಷನ್ ಅಂಗಡೀಲೂ ಹಿಂಗೇ ಸತಾಯಿಸ್ತದೆ" ಅಂದಳು ಅಮ್ಮ. ಅಷ್ಟಾದರೂ ಮುಗಿಯಲಿಲ್ಲ. ಅರ್ಜಿ ಪಾಸಾದ ಮೇಲೆ ವೀಸಾ ಅಂಟಿಸಲು ಪಾಸ್‌ಪೋರ್ಟನ್ನೇ ಕಳಿಸಬೇಕು. ಬೆಂಗಳೂರಿನ ವಿಮಾನಕ್ಕೆ ಉಳಿದದ್ದು ಹದಿನೆಂಟು ದಿನ. ಇರುವ ಒಂದು ಪಾಸ್‌ಪೋರ್ಟನ್ನು ಪೋಸ್ಟಿಗೆ ಹಾಕಿ ದಾರಿ ಕಾಯುವ ಧೈರ್ಯ ನನಗಾಗಲಿಲ್ಲ. ಹೋಟೆಲಿಗೆ ಫೋನ್ ಮಾಡಿ ಗೋಗರೆದದ್ದೂ ದಂಡ. ಎರಡು ರಾತ್ರಿಯ ಬಾಡಿಗೆ ನೀರುಪಾಲು, ಅದೂ ನೀರು ನೋಡದೆ.

ಹಾಗೆ ಬೇರೆ ಗತಿಯಿಲ್ಲದೆ ಹೋದ ಅಮೆರಿಕದ ದಡವೇ ಮನಸ್ಸಿಗೆ ಹಿಡಿಸಿಬಿಟ್ಟಿತು. 1885ರ ಸರ್ಕಾರಿ ಪಾರ್ಕು, ಒಳಗೆ ಹೋಗಲು ಟಿಕೆಟ್ಟಿಲ್ಲ, ಕಾರು ನಿಲ್ಲಿಸಲು ಮಾತ್ರ ದುಡ್ಡು. ನದಿ ನಡುವಿನ ಗೋಟ್ ಐಲೆಂಡಿನ ಮರದ ನೆರಳಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಟೆರಾಪಿನ್ ಪಾಯಿಂಟಿನಲ್ಲಿ ಕಂಬಿ ಹಿಡಿದು ನಿಂತರೆ, ಪಕ್ಕದಲ್ಲೇ ಹಸಿರು ನೀರು ಗಾಜಿನ ಹಾಗೆ ಬಗ್ಗಿ ಕೆಳಗಿಳಿಯುತ್ತದೆ. "ನಮ್ಮ ಜೋಗದಷ್ಟು ಎತ್ತರ ಇಲ್ಲ ಬಿಡು" ಅಂದಳು ಅಮ್ಮ. ಸರಿಯೇ. ಜೋಗ 253 ಮೀಟರ್, ಇದು 57ರ ಆಸುಪಾಸು. ಇಲ್ಲೂ ಕರೆಂಟಿಗೆ ನೀರು ತಿರುಗಿಸುತ್ತಾರೆ. ಎರಡೂ ದೇಶಗಳ 1950ರ ಒಪ್ಪಂದದ ಪ್ರಕಾರ ಪ್ರವಾಸಿ ಸೀಸನ್ನಿನ ಹಗಲು ಹೊತ್ತು ಜಲಪಾತಕ್ಕೆ ಸೆಕೆಂಡಿಗೆ ಕನಿಷ್ಠ ಒಂದು ಲಕ್ಷ ಘನ ಅಡಿ ಬಿಡಬೇಕು, ರಾತ್ರಿ ಅದರ ಅರ್ಧ ಸಾಕು. ಜೋಗದ ನೀರು ಹಿಡಿದಿಡುವ ಲಿಂಗನಮಕ್ಕಿ ಅಣೆಕಟ್ಟು ಕಂಡವರಿಗೆ ಇದೇನು ಹೊಸದಲ್ಲ.

ಇದೇ ದಡದಲ್ಲಿ, ಧಾರೆಯ ಬುಡಕ್ಕೇ ಕರೆದೊಯ್ಯುವ ಕೇವ್ ಆಫ್ ದಿ ವಿಂಡ್ಸ್ ಬಿಡಲೇಬೇಡಿ. ಲಿಫ್ಟಿನಲ್ಲಿ 175 ಅಡಿ ಇಳಿದು, ಅವರೇ ಕೊಡುವ ಚಪ್ಪಲಿ ಮೆಟ್ಟಿ ಮರದ ಮೆಟ್ಟಿಲು ಹತ್ತಿದರೆ ಬ್ರೈಡಲ್ ವೇಲ್ ಅನ್ನುವ ಚಿಕ್ಕ ಧಾರೆ ಇಪ್ಪತ್ತೇ ಅಡಿ ದೂರ. ಅಮ್ಮ ಕನ್ನಡಕವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮೇಲೆ ಹಳದಿ ರೇನ್‌ಕೋಟು ಹೊದ್ದು ನಮಗಿಂತ ಮುಂದೆ ಹೋದಳು.

ಮಾರನೇ ವರ್ಷ ನಾವಿಬ್ಬರೇ ಕೆನಡಾಕ್ಕೆ ಹೋದೆವು. ನೋಟದಲ್ಲಿ ಆ ದಡವೇ ಗೆದ್ದಿತು. ನಯಾಗರದ ದೊಡ್ಡ ಧಾರೆಗಳಾದ ಹಾರ್ಸ್‌ಶೂ, ಅಮೆರಿಕನ್ ಫಾಲ್ಸ್ ಎರಡೂ ಎದುರಿಗೇ, ರಾತ್ರಿ ಬಣ್ಣದ ದೀಪ ಬೇರೆ. ಆದರೆ ಬೆನ್ನ ಹಿಂದಿನ ಕ್ಲಿಫ್ಟನ್ ಹಿಲ್ ಬೀದಿ ಅಪ್ಪಟ ಜಾತ್ರೆ: ಮೇಣದ ಗೊಂಬೆ, ಜಯಂಟ್ ವೀಲ್, ದೇವರೊಂದಿಲ್ಲ. ವಾಪಸು ಬರುವಾಗ ಸೇತುವೆ ಮೇಲೆ ಒಂದೂವರೆ ಗಂಟೆ ಕ್ಯೂ.

ದೋಣಿ ಎರಡೂ ಕಡೆಯಿಂದ ಹೋಗುವುದು ಅದೇ ಮಂಜಿನೊಳಕ್ಕೆ. ಅಮೆರಿಕದ ಕಡೆ ಕೊಡುವ ರೇನ್‌ಕೋಟು ನೀಲಿ ಪ್ಲಾಸ್ಟಿಕ್ಕು, ಕೆನಡಾ ಕಡೆ ಕೆಂಪು.

ನಮಗೆ ಫೋಟೋ ಹುಚ್ಚಿಲ್ಲ, ಬುತ್ತಿ ಕಟ್ಟಿಕೊಂಡು ಹೋಗುವ ಜನ, ರೂಮೆಂದರೆ ಮಲಗೋಕಷ್ಟೇ. ಈ ಬೇಸಿಗೆಗೆ ಅತ್ತೆ ಮಾವ ಬರುತ್ತಿದ್ದಾರೆ. ಅಮೆರಿಕದ ಕಡೆಯ ಬಫಲೋ ಊರಲ್ಲಿ ಸಾದಾ ಮೋಟೆಲ್ ಬುಕ್ ಮಾಡಿದ್ದೇನೆ, ಹಿಂದಿನ ದಿನದವರೆಗೂ ಕ್ಯಾನ್ಸಲ್ ಮಾಡಬಹುದಾದದ್ದು.