ವ್ಯಾಸೆಕ್ಟಮಿ ಆದ ಮೇಲೆ ಮತ್ತೆ ಮಗು: ನಾಳ ಜೋಡಣೆಯೋ, ಇಕ್ಸಿಯೋ?

ವ್ಯಾಸೆಕ್ಟಮಿ ಅಂದರೆ ಮಕ್ಕಳಾಗದಂತೆ ಗಂಡಸರಿಗೆ ಮಾಡುವ ಆಪರೇಷನ್. ಅದಾದ ಮೇಲೆ ಮತ್ತೆ ಮಗು ಬೇಕೆಂದರೆ ದಾರಿ ಎರಡಿವೆ. ಕತ್ತರಿಸಿದ ವೀರ್ಯನಾಳವನ್ನು ಮತ್ತೆ ಜೋಡಿಸುವುದು ಒಂದು. ವೃಷಣದಿಂದ ಸೂಜಿಯಲ್ಲಿ ವೀರ್ಯಾಣು ತೆಗೆದು ಲ್ಯಾಬಿನಲ್ಲಿ ಅಂಡದೊಳಗೆ ಸೇರಿಸುವ ಇಕ್ಸಿ ಇನ್ನೊಂದು.

ಜೋಡಣೆ ಬಹಳ ನಾಜೂಕಿನ ಕೆಲಸ. ಮೈಕ್ರೋಸ್ಕೋಪ್ ಕೆಳಗೆ, ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಗೆ ಹಾಕುತ್ತಾರೆ. ವ್ಯಾಸೆಕ್ಟಮಿ ಆಗಿ ಎಷ್ಟು ವರ್ಷ ಆಯಿತು ಅನ್ನೋದೇ ಇಲ್ಲಿ ಮುಖ್ಯ. 1991ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, 3 ವರ್ಷದೊಳಗೆ ಜೋಡಿಸಿಕೊಂಡವರಲ್ಲಿ 76% ದಂಪತಿಗೆ ಗರ್ಭ ನಿಂತಿತ್ತು. 15 ವರ್ಷ ಕಳೆದವರಲ್ಲಿ 30% ಮಾತ್ರ. ತಿಂಗಳುಗಟ್ಟಲೆ ಕಾಯಲೂಬೇಕು. ಆದರೆ ನಾಳ ತೆರೆದುಕೊಂಡರೆ ಎರಡನೇ ಮಗುವಿಗೂ ಅದೇ ಸಾಕಾಗಬಹುದು.

ಇಕ್ಸಿಯಲ್ಲಿ ಕಾಯುವುದು ಕಡಿಮೆ. ಆದರೆ ಹಾರ್ಮೋನ್ ಇಂಜೆಕ್ಷನ್, ಅಂಡ ತೆಗೆಯುವ ನೋವು ಎಲ್ಲ ಹೆಂಡತಿಯ ಪಾಲಿಗೆ. ಇದನ್ನು ಸುಮ್ನೆ ಮರೆತುಬಿಡಬೇಡಿ. ಆಕೆಗೆ 38 ದಾಟಿದ್ದರೆ ನನ್ನ ಮಟ್ಟಿಗೆ ಇಕ್ಸಿಯೇ ಸರಿ. ಚಿಕ್ಕ ವಯಸ್ಸಾದರೆ ಮೊದಲು ಜೋಡಣೆ.