ಮೂರು ಮಳೆಗಾಲ ಕಂಡ ರಿಸೀವರ್

ಅಂಕೋಲಾದ ನಮ್ಮ ಮನೆಗೆ ಈ ರಿಸೀವರ್, ಅಂದರೆ ಹಾಡು, ಸಿನಿಮಾದ ದನಿಯನ್ನು ದೊಡ್ಡದು ಮಾಡಿ ಸ್ಪೀಕರ್‌ಗೆ ಕಳಿಸುವ ಮಷಿನ್, ಬಂದು ಮೂರು ಮಳೆಗಾಲ ಆಯಿತು. ವ್ಯಾಟು, ಚಾನೆಲ್ಲುಗಳ ಲೆಕ್ಕವೆಲ್ಲ ಡಬ್ಬಿಯ ಮೇಲೇ ಇದೆ, ಬಿಡಿ. ಸ್ಪೀಕರ್ ಸೇರಿ 40 ಸಾವಿರ ನನ್ನ ಮಿತಿ. 5.1ರ, ಅಂದರೆ ಐದು ಸ್ಪೀಕರ್ ಜೊತೆಗೆ ತಗ್ಗು ದನಿಗೆ ಒಂದು ಸಬ್‌ವೂಫರ್ ಇರುವ ಸೆಟ್ಟಿನ ಆಸೆ ಬಿಟ್ಟು, 8 ಓಮಿನ ಒಳ್ಳೆಯ ಸ್ಪೀಕರ್ ಜೋಡಿ ಒಂದನ್ನೇ ತಂದೆ. ಸಬ್‌ವೂಫರ್ ಮುಂದಿನ ವರ್ಷ ಅಂದುಕೊಂಡಿದ್ದೆ, ಆ ವರ್ಷ ಇನ್ನೂ ಬಂದಿಲ್ಲ.

ಕಳೆದ ಜುಲೈನಲ್ಲಿ ಯಕ್ಷಗಾನ ಹಾಕಿ ಕೂತಿದ್ದೆ. ಎಡಗಡೆ ಸ್ಪೀಕರ್ ಕರಕರ ಅಂದು ಸುಮ್ಮನಾಯಿತು. ಚಂಡೆಯವರು ಅರ್ಧ ಆಟದಲ್ಲೇ ಎದ್ದು ಮನೆಗೆ ಹೋದ ಹಾಗೆ! ಕಂಪನಿಗೆ ಫೋನ್ ಮಾಡಿದರೆ ಪ್ರತಿ ಸಲವೂ ಒಂದೇ ಮಾತು, ರೀಸೆಟ್ ಮಾಡಿ. ಮಾಡಿದೆ, ಬೈದುಕೊಂಡೆ, ಇದಕ್ಕೆ ಒಂದೇ ಸ್ಟಾರ್ ಅಂತ ಬರೆಯಲೂ ಕೂತೆ. ಕೊನೆಗೆ ರಿಸೀವರನ್ನು ಹಳೇ ಕಂಬಳಿಯಲ್ಲಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದೆ. ರಿಪೇರಿ ಹುಡುಗ ತನ್ನ ಸ್ಪೀಕರ್ ಹಚ್ಚಿದ. ಎರಡೂ ಕಡೆ ಹಾಡಿತು. "ಮಷಿನ್‌ಗೆ ಏನೂ ಆಗಿಲ್ಲರೀ ಸರ, ವೈರ್ ನೋಡ್ರಿ" ಅಂದ.

ರಿಸೀವರ್ ಹಿಂದೆ ಎಡ ಬಲದ ವೈರ್ ಅದಲು ಬದಲು ಮಾಡಿದ್ದರೆ ಮನೆಯಲ್ಲೇ ಗೊತ್ತಾಗುತ್ತಿತ್ತು. ಆಗಲೂ ಅದೇ ಸ್ಪೀಕರ್ ಸುಮ್ಮನಿದ್ದರೆ ರಿಸೀವರ್ ತಪ್ಪಲ್ಲ ಅಂತ ಅರ್ಥ, ಅಷ್ಟೇ.

ಎಡಗಡೆ ಸ್ಪೀಕರಿನ ವೈರ್ ಸಮುದ್ರದ ಕಡೆಯ ಕಿಟಕಿಯ ಕೆಳಗೆ ಹಾದಿತ್ತು. ತುದಿ ನೋಡಿದರೆ ಹಸಿರು ಕಿಲುಬು, ಜೊತೆಗೆ ಬಿಳಿ ಪುಡಿ. ಬ್ಲೇಡಿನಿಂದ ಕೆರೆದೆ, ಒಳಗೆ ಬೆಳ್ಳಗಿತ್ತು. ತಾಮ್ರ ಅಂತ ತಂದದ್ದು ತಾಮ್ರದ ಲೇಪ ಇರುವ ಅಲ್ಯುಮಿನಿಯಂ! ಉಪ್ಪುಗಾಳಿಗೆ ಅದು ಎಷ್ಟು ದಿನ ತಡೆದೀತು? ಈಗ 16 ಗೇಜಿನ ಅಪ್ಪಟ ತಾಮ್ರ ಹಾಕಿದ್ದೇನೆ. ಚೌತಿಗೆ ಮನೆ ಗುಡಿಸುವಾಗ ತುದಿ ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಹೊಸೆದು ಸಿಕ್ಕಿಸುತ್ತೇನೆ.

ಆಮೇಲೆ ಸಿಟ್ಟು ಇಳಿಯಿತು. ಇನ್ನೊಂದು ಮಾತು, ಮೈಕ್ ಇಟ್ಟು ಸೆಟ್ಟಿಂಗ್ ಮಾಡುವ ಕೆಲಸವನ್ನು (ಸ್ಪೀಕರ್ ದನಿಯನ್ನು ಮೈಕಿನಲ್ಲಿ ಕೇಳಿ ರಿಸೀವರ್ ಅದನ್ನು ಕೋಣೆಗೆ ಹೊಂದಿಸಿಕೊಳ್ಳುತ್ತದೆ) ಮಳೆಗಾಲದಲ್ಲಿ ಮಾಡಬೇಡಿ. ಹೆಂಚಿನ ಮೇಲೆ ಮಳೆ ಬಿದ್ದರೆ ಗಲಾಟೆ ಜಾಸ್ತಿ ಅಂತ ರಿಸೀವರ್ ತಾನೇ ನಿಲ್ಲಿಸುತ್ತದೆ. ನಾನು ಜನವರಿಯಲ್ಲಿ, ಫ್ಯಾನ್ ಆರಿಸಿ, ರಾತ್ರಿ ಹನ್ನೆರಡಕ್ಕೆ ಮಾಡಿದೆ. ಮೈಕ್ ಕೂತವರ ಕಿವಿಯ ಎತ್ತರಕ್ಕೆ ಇರಲಿ.

ನಾನು ಎಣಿಸಿರದ ಖುಷಿ ಅಂದರೆ ರಿಸೀವರಿನ ಎಫ್‌ಎಂ ರೇಡಿಯೋ. ಬೆಳಿಗ್ಗೆ ಆಯಿ ಚಹಾ ಕುದಿಯಲು ಇಟ್ಟು, ಹಬೆಗೆ ಒದ್ದೆಯಾದ ಕೈ ಸೆರಗಿಗೆ ಒರೆಸಿಕೊಂಡು ದೊಡ್ಡ ಗುಂಡಿ ತಿರುಗಿಸುತ್ತಾಳೆ, ಕಾರವಾರ ಆಕಾಶವಾಣಿ. ಮುಗಿದ ಮೇಲೆ ಧೂಳು ಬೀಳದಿರಲಿ ಅಂತ ರಿಸೀವರ್ ಮೇಲೆ ಟವೆಲ್ ಹೊದಿಸುತ್ತಿದ್ದಳು. ಒಂದು ದಿನ ಟವೆಲ್ ತೆಗೆಯದೇ ಹಚ್ಚಿದಳು, ಬಿಸಿಯಾಗಿ ತಾನೇ ಬಂದ್ ಆಯಿತು. ಮೇಲೆ ಗಾಳಿ ಆಡಬೇಕು ಆಯಿ ಅಂದೆ. ಈಗ ಟವೆಲ್ ಸ್ಪೀಕರ್ ಮೇಲಿದೆ.